ಕೆಂಪು ಪೆನ್ನಿಲ್ಲದ ಡ್ರಾಯಿಂಗ್ ಪುಸ್ತಕ

ಈಗೊಂದು ಹೊಸ ವ್ರತ ಹೊರಟಿದೆ, ನಿಮ್ಮ ಮನೆಗೂ ಬಂದಿರಬಹುದು. ಹೆಸರು ಆರ್ಟ್ ಜರ್ನಲ್. ಎಲ್ಲ ವ್ರತಗಳ ಹಾಗೆ ಇದರಲ್ಲೂ ಪೂಜೆಗಿಂತ ಸಾಮಗ್ರಿ ಪಟ್ಟಿಯೇ ಉದ್ದ. ನನ್ನ ನಾದಿನಿ ಮೊನ್ನೆ ಸಂಕಲ್ಪ ಮಾಡಿದಳು. ಗಟ್ಟಿ ರಟ್ಟಿನ, ಎಲಾಸ್ಟಿಕ್ ಪಟ್ಟಿಯ, ನಡುವೆ ರಿಬ್ಬನ್ನು ಜೋತುಬಿದ್ದ ಪುಸ್ತಕ ಬಂತು. ಇಪ್ಪತ್ತನಾಲ್ಕು ಬಣ್ಣದ ಬ್ರಶ್ ಪೆನ್ನು ಬಂದವು. ಹೂವಿನ ಚಿತ್ತಾರದ ವಾಶಿ ಟೇಪು ಬಂತು. ಆ ಟೇಪು ಯಾವುದನ್ನೂ ಸರಿಯಾಗಿ ಅಂಟಿಸುವುದಿಲ್ಲ, ಆದರೆ ಜಪಾನಿನದು, ಆದ್ದರಿಂದ ಇರಲೇಬೇಕು. ಎಲ್ಲ ಬಂದ ಮೇಲೆ ಅವಳು ಪುಸ್ತಕದ ಮೊದಲ ಪುಟ ತೆರೆದಳು, ಅದರ ಬಿಳುಪು ನೋಡಿ ಬೆಚ್ಚಿದಳು, ಎಲಾಸ್ಟಿಕ್ ಎಳೆದು ಮುಚ್ಚಿದಳು. "ಅತ್ತಿಗೆ, ಇಷ್ಟು ಚೆನ್ನಾಗಿರೋ ಪುಸ್ತಕ, ಹಾಳು ಮಾಡೋಕೆ ಮನಸ್ಸೇ ಬರ್ತಿಲ್ಲ" ಅಂದಳು. ಈಗ ಅದು ಬೀರುವಿನಲ್ಲಿ ಅವಳ ಮೈಸೂರು ಸಿಲ್ಕ್ ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿದೆ.

ಅವಳನ್ನು ಆಡಿಕೊಳ್ಳುವುದು ಸುಲಭ, ಆಡಿಕೊಂಡೂ ಆಯಿತು. ಆದರೆ ಯೋಚನೆ ಮಾಡಿ. ಆರ್ಟ್ ಜರ್ನಲ್ ಅಂದರೆ ಇಷ್ಟೇ: ದಿನದ ಸುಖದುಃಖವನ್ನು ಬರೀ ಅಕ್ಷರದಲ್ಲಿ ಬರೆದಿಡದೆ ಗೆರೆ, ಬಣ್ಣ, ಅಂಟಿಸಿದ ಕಾಗದದ ಚೂರು, ತೋಚಿದರೆ ನಾಲ್ಕು ಮಾತು, ಹೀಗೆ ಕೈಗೆ ಬಂದದ್ದರಲ್ಲಿ ಇಡುವುದು. ಚಿತ್ರ ಚೆನ್ನಾಗಿರಬೇಕೆಂಬ ಕಟ್ಟಳೆ ಇಲ್ಲ. ಚಿತ್ರವೇ ಆಗಿರಬೇಕೆಂದೂ ಇಲ್ಲ. ಮನಸ್ಸು ಕೆಟ್ಟ ದಿನ ಇಡೀ ಪುಟಕ್ಕೆ ಕಪ್ಪು ಬಳಿದು ಮುಚ್ಚಿಟ್ಟರೂ ಲೆಕ್ಕಕ್ಕೆ ಸೇರುತ್ತದೆ. ಇಷ್ಟು ಸಡಿಲವಾದ ಕೆಲಸಕ್ಕೆ, ಮೂವತ್ತು ಜನಕ್ಕೆ ಒಬ್ಬಳೇ ಹೋಳಿಗೆ ತಟ್ಟುವ ಹೆಂಗಸಿನ ಕೈ ನಡುಗುವುದೇಕೆ?

ಅದಕ್ಕೆ ಸ್ವಲ್ಪ ಹಿಂದಕ್ಕೆ, ನಾವೆಲ್ಲ ಓದಿದ ಶಾಲೆಗೆ ಹೋಗಬೇಕು.

ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಲು ಕಡ ತೆಗೆದುಕೊಂಡು ವಾಪಸು ಕೊಡದ ಪೀರಿಯಡ್ಡು. ಅಪ್ಪಿತಪ್ಪಿ ಅದು ನಮಗೇ ಉಳಿದರೆ "ನಿಮಗಿಷ್ಟ ಬಂದ ಚಿತ್ರ ಬಿಡಿಸಿ" ಎಂದು ಅಪ್ಪಣೆಯಾಗುತ್ತಿತ್ತು. ತರಗತಿಯ ಅಷ್ಟೂ ಮಕ್ಕಳಿಗೆ ಇಷ್ಟ ಬರುತ್ತಿದ್ದದ್ದು ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಗುಡ್ಡದ ಬುಡದಲ್ಲಿ ದಾರದಷ್ಟಿದ್ದು ಪುಟದ ಅಂಚಿಗೆ ಬರುವಷ್ಟರಲ್ಲಿ ತುಂಬು ಕಾವೇರಿಯಾಗುವ ನದಿ, ದಡದಲ್ಲೊಂದು ಹೆಂಚಿನ ಮನೆ, ಬಾಗಿದ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಬಯಲುಸೀಮೆಯಲ್ಲಿ ಹುಟ್ಟಿ ತುಂಬಿದ ಹೊಳೆಯನ್ನೇ ಕಾಣದ ಹುಡುಗನೂ ಇದನ್ನೇ ಬಿಡಿಸುತ್ತಿದ್ದ. ಅವನ ಊರಿನ ಜಾಲಿ ಮರ, ಬೋರ್‌ವೆಲ್ಲಿನ ಮುಂದೆ ಸಾಲುಗಟ್ಟಿದ ಬಿಂದಿಗೆ, ಶೇಂಗಾ ಹೊಲ, ಇವು ಯಾವುವೂ ಪುಟಕ್ಕೆ ಬರಲಿಲ್ಲ. ಚಿತ್ರ ಅಂದರೆ ಹಾಗಿರುತ್ತದೆ ಎಂದು ಯಾರೋ ಹೇಳಿಬಿಟ್ಟಿದ್ದರಲ್ಲ! ಇನ್ನೂ ಆಸೆ ಉಳಿದವರಿಗೆ ಲೋಯರ್ ಗ್ರೇಡು, ಹೈಯರ್ ಗ್ರೇಡು ಪರೀಕ್ಷೆಗಳಿದ್ದವು. ಚಿತ್ರ ಬಿಡಿಸುವ ಸುಖಕ್ಕೂ ಹಾಲ್ ಟಿಕೆಟ್ಟು ಇಟ್ಟ ಪುಣ್ಯಾತ್ಮರು ನಾವು.

ಆಮೇಲೆ ಪಿಯುಸಿ. ಸೈನ್ಸ್ ತೆಗೆದುಕೊಂಡವರಿಗೆ ಬಯಾಲಜಿ ರೆಕಾರ್ಡು ನೆನಪಿರಬೇಕು. ಬಲಗಡೆ ಗೆರೆ ಹಾಕಿದ ಹಾಳೆಯಲ್ಲಿ ಬರಹ, ಎಡಗಡೆ ಖಾಲಿ ಹಾಳೆಯಲ್ಲಿ ಚಿತ್ರ. ಸೀಳಿದ ದಾಸವಾಳ, ಮಲಗಿದ ಜಿರಳೆ, ಈರುಳ್ಳಿ ಸಿಪ್ಪೆಯ ಕೋಶ. ಪೆನ್ಸಿಲ್ ಚೂಪಾಗಿರಬೇಕು, ನೆರಳು ತೀಡಬಾರದು, ಬೇಕಾದರೆ ಚುಕ್ಕಿ ಇಡಬಹುದು. ಹೆಸರು ಬರೆಯುವ ಗೆರೆಗಳು ಸ್ಕೇಲಿನಲ್ಲಿ ಎಳೆದವಾಗಿರಬೇಕು, ಒಂದನ್ನೊಂದು ದಾಟಬಾರದು. ಇಷ್ಟು ಶ್ರದ್ಧೆಯಿಂದ ಬಿಡಿಸಿದ್ದನ್ನು ಲೆಕ್ಚರರ ಮುಂದಿಟ್ಟರೆ ಅವರು ಕೆಂಪು ಪೆನ್ನಿನಲ್ಲಿ ಒಂದು ಸಹಿ ಗೀಚುತ್ತಿದ್ದರು, ಅದೂ ದಾಸವಾಳದ ಎಸಳಿನ ಮೇಲೇ. ಸಹಿ ಬೀಳದಿದ್ದರೆ 'ರಿಪೀಟ್' ಎಂದು ಬೀಳುತ್ತಿತ್ತು. ನಮ್ಮಲ್ಲಿ ಬಹಳ ಮಂದಿ ಜೀವಮಾನದಲ್ಲಿ ಕೊನೆಯ ಸಲ ಚಿತ್ರ ಬಿಡಿಸಿದ್ದು ಆ ರೆಕಾರ್ಡಿನಲ್ಲಿ.

ಹೀಗೆ ಬೆಳೆದವರ ಮುಂದೆ ಖಾಲಿ ಪುಟ ತೆರೆದಿಟ್ಟು "ನಿಮ್ಮನ್ನು ನೀವು ವ್ಯಕ್ತಪಡಿಸಿಕೊಳ್ಳಿ" ಅಂದರೆ ಅವರು ಮೊದಲು ಹುಡುಕುವುದು ಸಹಿ ಹಾಕುವವರನ್ನು. ನಾದಿನಿಯ ಭಯ ಬಿಳಿ ಹಾಳೆಯದಲ್ಲ. ಎಲ್ಲೋ ಒಂದು ಕೆಂಪು ಪೆನ್ನು ಕ್ಯಾಪ್ ತೆಗೆದುಕೊಂಡು ಕಾಯುತ್ತಿದೆ ಎಂಬ ಗುಮಾನಿ ಅದು.

ಆ ಕೆಂಪು ಪೆನ್ನಿನ ಯೋಗ್ಯತೆಯಾದರೂ ಎಷ್ಟು? ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಇವರಲ್ಲಿ ಆ ಮಟ್ಟದ ಪ್ರತಿಭೆ ಇಲ್ಲ ಎಂದು ಉತ್ತರ ಬಂದಿತ್ತು. ಅವರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮಾಡಿಕೊಂಡು, ಕಾಗೆಗಳನ್ನು ನೋಡಿ ನೋಡಿ ಬಿಡಿಸಿಕೊಂಡು, ಆಮೇಲೆ ಅದೇ ಮುಂಬಯಿಗೆ ಹೋಗಿ ಅರ್ಧ ಶತಮಾನ ವ್ಯಂಗ್ಯಚಿತ್ರಗಳಲ್ಲಿ ದೇಶವನ್ನೇ ನಗಿಸಿದರು. ಮುಂದೆ ಅದೇ ಕಲಾಶಾಲೆ ಅವರನ್ನು ಅತಿಥಿಯಾಗಿ ಕರೆಸಿ ಸತ್ಕರಿಸಿತು. ಲಕ್ಷ್ಮಣರಿಗೇ ಸೀಟು ಸಿಗದಿದ್ದ ಮೇಲೆ ನಿಮ್ಮ ಏಳನೇ ಕ್ಲಾಸಿನ ಡ್ರಾಯಿಂಗ್ ಮೇಷ್ಟ್ರು "ಇದೇನೋ, ಹಸುವೋ ಹಂದಿಯೋ?" ಎಂದು ಕೇಳಿದ್ದನ್ನು ಐವತ್ತರ ವಯಸ್ಸಿನವರೆಗೂ ಎದೆಯಲ್ಲಿಟ್ಟುಕೊಂಡು ಓಡಾಡುವ ಅಗತ್ಯವಿದೆಯೆ?

ಇನ್ನು ವಿಜ್ಞಾನಿಗಳ ಸಾಕ್ಷಿ ಇಲ್ಲದೆ ಯಾವುದನ್ನೂ ನಂಬದವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ನಮ್ಮ ಮನೆಯಲ್ಲಿ ಯಜಮಾನರು. ಅವರಿಗಾಗಿ ಇದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಅವರ ಜೊತೆಗಾರರು 39 ಮಂದಿ ವಯಸ್ಕರನ್ನು ಕೂರಿಸಿ, ಬಣ್ಣದ ಪೆನ್ನು, ಜೇಡಿಮಣ್ಣು, ಕಾಗದದ ಚೂರು ಕೊಟ್ಟು, ಮುಕ್ಕಾಲು ಗಂಟೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟರು. ಮೊದಲೂ ಆಮೇಲೂ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮುಖ್ಯ ವಿಷಯ ಇನ್ನೊಂದಿದೆ. ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹಾರ್ಮೋನಿಗೆ ಹಸುವೂ ಒಂದೇ ಹಂದಿಯೂ ಒಂದೇ. ಇದನ್ನು ಓದಿ ಹೇಳಿದಾಗ ಯಜಮಾನರು "ಮಿಕ್ಕ ಕಾಲು ಭಾಗ?" ಎಂದು ಕೇಳಿದರು. ಅವರಲ್ಲಿ ಇದ್ದಷ್ಟೇ ಇತ್ತು, ಇಲ್ಲವೇ ಏರಿತ್ತು. ಪಕ್ಕದಲ್ಲಿ ಇಂಥ ಪ್ರಶ್ನೆ ಕೇಳುವವರು ಯಾರೋ ಕೂತಿದ್ದಿರಬೇಕು.

ವಯಸ್ಸಾಯಿತು ಅನ್ನುವವರಿಗೆ ನಾನು ರವೀಂದ್ರನಾಥ ಟಾಗೋರರನ್ನು ತೋರಿಸುತ್ತೇನೆ. ಕವಿತೆ ಬರೆಯುವಾಗ ಹೊಡೆದುಹಾಕಿದ ಸಾಲುಗಳು ಪುಟದ ತುಂಬ ಗಾಯಗಳಾಗಿ ಉಳಿಯುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಕಾಟು ಹಾಕಿದ ಒಂದು ಪದದಿಂದ ಇನ್ನೊಂದಕ್ಕೆ ಗೆರೆ ಎಳೆದು, ಬಳ್ಳಿ ಹಬ್ಬಿಸಿ, ಕೊಕ್ಕು ಮೂಡಿಸಿ, ಕೊನೆಗೆ ಅಲ್ಲೊಂದು ವಿಚಿತ್ರ ಪ್ರಾಣಿ ಎದ್ದು ಕೂರುವಂತೆ ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಆತಿಥ್ಯ ಕೊಟ್ಟಿದ್ದ ಲೇಖಕಿ ವಿಕ್ಟೋರಿಯಾ ಒಕಾಂಪೊ ಆ 'ಪೂರಬಿ' ಕವಿತೆಗಳ ನೋಟ್‌ಬುಕ್ಕಿನ ಪುಟಗಳನ್ನು ಕಂಡು ಮರುಳಾದಳು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಮೊದಲ ಚಿತ್ರಪ್ರದರ್ಶನಕ್ಕೆ ಓಡಾಡಿದವಳೂ ಅವಳೇ. ಆಗ ಟಾಗೋರರಿಗೆ ಎಪ್ಪತ್ತರ ಹತ್ತಿರ. ತೀರಿಕೊಳ್ಳುವ ಹೊತ್ತಿಗೆ ಅವರು ಬಿಡಿಸಿದ ಚಿತ್ರಗಳು ಎರಡು ಸಾವಿರ ದಾಟಿದ್ದವು. ಎಲ್ಲದರ ಮೂಲ, ತಪ್ಪಿದ ಅಕ್ಷರ. ಆ ದೃಷ್ಟಿಯಿಂದ ನೋಡಿದರೆ ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಅಪಾರ ಸಾಧ್ಯತೆ ಇದೆ. ಅಲ್ಲಿ ಹೊಡೆದುಹಾಕದ ಸಾಲೇ ಇಲ್ಲ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮೊದಲ ಮಹಾಯುದ್ಧದ ಕೊನೆಯಲ್ಲಿ, ತಮ್ಮ ದೇಶದಲ್ಲಿ ಇರಿಸಲಾಗಿದ್ದ ಬ್ರಿಟಿಷ್ ಸೈನಿಕರ ಶಿಬಿರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಆಗ ದಿನಾ ಬೆಳಗ್ಗೆ ಎದ್ದು ನೋಟ್‌ಬುಕ್ಕಿನಲ್ಲಿ ಒಂದು ಪುಟ್ಟ ವೃತ್ತದ ಚಿತ್ರ ಬಿಡಿಸುತ್ತಿದ್ದರು, ಒಂದು ಮಂಡಲ. ಆವತ್ತಿನ ಮನಸ್ಸಿನ ಸ್ಥಿತಿ ಅದರಲ್ಲಿ ಕಾಣುತ್ತದೆಂದು ಅವರ ಅನುಭವ. ಇದನ್ನು ನಮ್ಮ ಸೋದರತ್ತೆಗೆ ಹೇಳಿದರೆ "ಬೆಳಗ್ಗೆ ಬೆಳಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೋ, ಮುಂಚೆಯೋ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಅತ್ತೆ ಹಳೆಯ ಎಲ್‌ಐಸಿ ಡೈರಿಯೊಂದನ್ನು ಇಟ್ಟಿದ್ದಾರೆ. ಅದರಲ್ಲಿ ಹದಿನೈದು ಚುಕ್ಕಿಯಿಂದ ಎಂಟರವರೆಗಿನ ರಂಗೋಲಿ, ಅದರ ಪಕ್ಕದಲ್ಲೇ ಉಪ್ಪಿನಕಾಯಿಯ ಅಳತೆ, ದೇವರನಾಮದ ಪಲ್ಲವಿ, ಮೊಮ್ಮಗ ಹುಟ್ಟಿದ ಗಳಿಗೆ, ಯಾರದೋ ಮದುವೆಗೆ ಕೊಟ್ಟ ಮುಯ್ಯಿ. ಒಂದು ಪುಟದಲ್ಲಿ ರಂಗೋಲಿ ಅರ್ಧಕ್ಕೇ ನಿಂತಿದೆ. ಏಕೆಂದು ಕೇಳಿದರೆ "ಆವತ್ತು ನಿಮ್ಮ ಮಾವನ ಹತ್ತಿರ ಜಗಳ ಆಗಿತ್ತು" ಅಂದರು. ಇಪ್ಪತ್ತೈದು ವರ್ಷದ ಹಿಂದಿನ ಜಗಳ, ನಾಲ್ಕು ಸೇರದ ಚುಕ್ಕಿಗಳಲ್ಲಿ ಹಾಗೇ ಇದೆ. ಇದೇ ಅತ್ತೆ ಬಡಾವಣೆಯ ಸಂಕ್ರಾಂತಿ ರಂಗೋಲಿ ಸ್ಪರ್ಧೆಯಲ್ಲಿ ಪ್ರತಿ ವರ್ಷ ನವಿಲನ್ನೇ ಬಿಡಿಸುತ್ತಾರೆ. ಯಾಕತ್ತೆ ಅಂದರೆ "ತೀರ್ಪುಗಾರರಿಗೆ ನವಿಲು ಇಷ್ಟ" ಅನ್ನುತ್ತಾರೆ. ತೀರ್ಪುಗಾರರಿಗೆ ನವಿಲು, ಡೈರಿಗೆ ಜಗಳ. ಅತ್ತೆಗೆ ಇದರ ಮರ್ಮ ನನಗಿಂತ ಚೆನ್ನಾಗಿ ಗೊತ್ತು.

ಸರಿ, ಶುರು ಮಾಡುವುದು ಹೇಗೆ? ಪುಸ್ತಕದಿಂದಲೇ ಹೊರಡೋಣ. ಚೆನ್ನಾಗಿರುವ ಪುಸ್ತಕ ಕೊಳ್ಳಬೇಡಿ, ಕೊಂಡಿದ್ದರೆ ಮದುವೆಯಲ್ಲಿ ಯಾರಿಗಾದರೂ ಉಡುಗೊರೆ ಕೊಟ್ಟುಬಿಡಿ. ಬ್ಯಾಂಕಿನವರೋ ಔಷಧಿ ಕಂಪನಿಯವರೋ ಕೊಟ್ಟ ಹಳೇ ಡೈರಿ ಸಾಕು. ಹಾಳೆ ತೆಳ್ಳಗಿದೆ ಎಂದು ಗೊಣಗಬಹುದು. ಗೊಣಗುವುದು ನ್ಯಾಯವೇ. ನೀರುಬಣ್ಣಕ್ಕೆಂದೇ ತಯಾರಿಸಿದ ಹಾಳೆ ಚದರ ಮೀಟರಿಗೆ 300 ಗ್ರಾಂ ತೂಗಿದರೆ ನಮ್ಮ ನೋಟ್‌ಬುಕ್ಕಿನ ಹಾಳೆ 60-70 ಗ್ರಾಂ ಮಾತ್ರ. ಬ್ರಶ್ ಸೋಕಿದ ಕೂಡಲೇ ಸುಕ್ಕುಗಟ್ಟಿ, ಮೂರನೇ ಪುಟದವರೆಗೂ ಬಣ್ಣ ಇಳಿಸುತ್ತದೆ. ಅದಕ್ಕೆ ಮೂರು ಹಾಳೆ ಒಟ್ಟಿಗೆ ಅಂಟಿಸಿ. ಫೆವಿಕಾಲನ್ನು ಹಳೇ ಎಟಿಎಂ ಕಾರ್ಡಿನಿಂದ ತೆಳುವಾಗಿ ಎಳೆಯಿರಿ. ಬೆರಳಲ್ಲಿ ಮೆತ್ತಿದರೆ ಗುಳ್ಳೆ ಏಳುತ್ತದೆ, ಪುಸ್ತಕ ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಇನ್ನೂ ಗಟ್ಟಿ ಹಾಳೆ ಬೇಕೆಂದರೆ ಲಗ್ನಪತ್ರಿಕೆಗಳಿವೆ. ಗಣಪತಿಯ ಚಿತ್ರ ಇದೆ ಎಂದು ಎಸೆಯಲಾಗದೆ, ಮದುವೆಯಾದವರಿಗೆ ಮಕ್ಕಳಾದರೂ ನಾವು ಇಟ್ಟುಕೊಂಡಿರುವ ಆ ಕಂತೆಗೆ ಕೊನೆಗೂ ಒಂದು ಮೋಕ್ಷ ಸಿಗಲಿ. ಹಿಂಬದಿಯಲ್ಲಿ ನಿಮ್ಮ ಚಿತ್ರ, ಮುಂಬದಿಯಲ್ಲಿ ವಿಘ್ನೇಶ್ವರ.

ಡೈರಿಯೂ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. 1966ರಲ್ಲಿ ಲಂಡನ್ನಿನ ಕಲಾವಿದ ಟಾಮ್ ಫಿಲಿಪ್ಸ್ ಮೂರು ಪೆನ್ನಿ ಕೊಟ್ಟು, ಯಾರೂ ಓದದ ಒಂದು ಹಳೇ ಕಾದಂಬರಿ ಕೊಂಡ. ಪುಟ ಪುಟವನ್ನೂ ಬಣ್ಣದಿಂದ ಮುಚ್ಚಿ, ಅಲ್ಲಲ್ಲಿ ಕೆಲವು ಪದಗಳನ್ನು ಮಾತ್ರ ಕಾಣಲು ಬಿಟ್ಟು, ಬೇರೆಯದೇ ಕತೆ ಹೊರಡಿಸಿದ. 'ಎ ಹ್ಯುಮುಮೆಂಟ್' ಎಂಬ ಆ ಪುಸ್ತಕವನ್ನು ಐವತ್ತು ವರ್ಷ ತಿದ್ದುತ್ತಲೇ ಇದ್ದ, ಕೊನೆಯ ಆವೃತ್ತಿ 2016ರಲ್ಲಿ ಬಂತು. ಬೆಂಗಳೂರಿನವರಿಗೆ ಅವೆನ್ಯೂ ರೋಡಿನ ಫುಟ್‌ಪಾತ್ ಇದೆ. ಸನ್ಮಾನದಲ್ಲಿ ಬಂದ, ಬಿಚ್ಚದೇ ಉಳಿದ ಅಭಿನಂದನ ಗ್ರಂಥಗಳು ನಮ್ಮೆಲ್ಲರ ಮನೆಯಲ್ಲೂ ಇವೆ. ಹೊಗಳಿಕೆಯ ಮೇಲೆ ಬಣ್ಣ ಬಳಿಯುವುದರಲ್ಲಿ ಒಂದು ವಿಶೇಷ ಸುಖವಿದೆಯಂತೆ.

ಬಣ್ಣದ ವಿಷಯ. ಮಕ್ಕಳ ಕ್ಯಾಮೆಲ್ ಡಬ್ಬಿಯಲ್ಲಿ ಕಪ್ಪು, ಕೆಂಪು ಮುಗಿದು ನೇರಳೆ, ಬಿಳಿ ಉಳಿದಿರುತ್ತದಲ್ಲ, ಅದರಿಂದ ಆರಂಭಿಸಿ. ಅಡುಗೆಮನೆಗೂ ಕೈ ಹಾಕಬಹುದು. ಫಿಲ್ಟರಿನ ಗಟ್ಟಿ ಡಿಕಾಕ್ಷನ್ ಹಳೇ ಫೋಟೋದ ಕಂದು ಕೊಡುತ್ತದೆ. ಸಕ್ಕರೆ ಬೆರೆತ ಕಾಫಿ ಮಾತ್ರ ಬಳಿಯಬೇಡಿ, ನಿಮ್ಮ ಜರ್ನಲ್ಲಿನ ಮೊದಲ ಓದುಗರು ಇರುವೆಗಳಾದಾರು. ಅರಿಸಿನದ ಹಳದಿ ಸೊಗಸು. ಬೆಳಕಿಗಿಟ್ಟರೆ ಬೇಗ ಮಾಸುತ್ತದೆ, ಮುಚ್ಚಿದ ಪುಸ್ತಕದಲ್ಲಿ ಬಾಳುತ್ತದೆ. ಅದಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಆರತಿಯ ಓಕುಳಿ ಕೆಂಪು ಏಳುತ್ತದೆ, ದಿನ ಕಳೆದಂತೆ ಇಳಿಯುತ್ತದೆ. ಇಳಿಯಲಿ ಬಿಡಿ, ಪ್ರದರ್ಶನಕ್ಕೇನೂ ಇಡುವುದಿಲ್ಲವಲ್ಲ. ಬಸ್ ಟಿಕೆಟ್ಟು ಅಂಟಿಸುವವರಿಗೆ ಒಂದು ಎಚ್ಚರಿಕೆ. ಈಗಿನ ಮೆಷಿನ್ ಟಿಕೆಟ್ಟು ಶಾಖಕ್ಕೆ ಕಪ್ಪಾಗುವ ಕಾಗದದ್ದು, ಕೆಲವು ತಿಂಗಳಲ್ಲಿ ಅಕ್ಷರ ಅಳಿಸಿಹೋಗುತ್ತದೆ. ಹಿಂದುಗಡೆ ಕಂಡಕ್ಟರು ಬಾಲ್‌ಪೆನ್ನಿನಲ್ಲಿ ಗೀಚಿದ ಚಿಲ್ಲರೆ ಬಾಕಿ ಮಾತ್ರ ಉಳಿಯುತ್ತದೆ. ಆ ಬದಿಯನ್ನೇ ಮೇಲೆ ಮಾಡಿ ಅಂಟಿಸಿ.

ಇಷ್ಟಾದ ಮೇಲೆ "ಏನು ಬಿಡಿಸಲಿ?" ಎಂಬ ಪ್ರಶ್ನೆ ಬರುತ್ತದೆ. ಮತ್ತೆ ಗುಡ್ಡ-ಸೂರ್ಯ ಬೇಡ, ದಮ್ಮಯ್ಯ. ಬ್ರಿಟನ್ನಿನ ಮನೋವಿಶ್ಲೇಷಕಿ ಮೇರಿಯನ್ ಮಿಲ್ನರ್ 1950ರಲ್ಲಿ, ತನಗೆ ಚಿತ್ರ ಬರೆಯಲು ಬರುವುದಿಲ್ಲ ಎನ್ನುವುದನ್ನೇ ವಿಷಯ ಮಾಡಿಕೊಂಡು ಒಂದು ಇಡೀ ಪುಸ್ತಕ ಬರೆದಳು. ಕೈ ಹೋದಲ್ಲಿಗೆ ಹೋಗಲಿ ಎಂದು ಬಿಟ್ಟಾಗ, ಬಿಡಿಸಬೇಕೆಂದುಕೊಂಡದ್ದು ಒಂದು, ಹಾಳೆಯ ಮೇಲೆ ಮೂಡಿದ್ದು ಇನ್ನೊಂದಾಗುತ್ತಿತ್ತು. ಬಾಯಿ ಒಪ್ಪದ ಸಿಟ್ಟನ್ನು ಕೈ ಒಪ್ಪಿಕೊಂಡುಬಿಡುತ್ತಿತ್ತು. ಮೆಕ್ಸಿಕೋದ ಕಲಾವಿದೆ ಫ್ರೀಡಾ ಕಾಹ್ಲೊ ಕೊನೆಯ ಹತ್ತು ವರ್ಷ ಇಟ್ಟಿದ್ದ ದಿನಚರಿಯಲ್ಲಂತೂ ಚೆಲ್ಲಿದ ಶಾಯಿಯ ಕಲೆಗಳಿಗೇ ಕಣ್ಣು ಮೂಗು ಬಂದು ಮುಖಗಳಾಗಿವೆ. ನೋವು ತಿನ್ನುತ್ತ ಮಲಗಿದ್ದ ಹೆಂಗಸು, ಪುಟ ಗಲೀಜಾಯಿತೆಂದು ಹರಿದುಹಾಕಲಿಲ್ಲ.

ನಮಗೂ ವಸ್ತುವಿಗೆ ಬರವಿಲ್ಲ. ಎರಡು ದಿನಕ್ಕೆಂದು ಬಂದ ನೆಂಟರು ಎರಡನೇ ವಾರಕ್ಕೆ ಕಾಲಿಟ್ಟಾಗ ಅವರ ಸೂಟ್‌ಕೇಸಿನ ಚಿತ್ರ ಬಿಡಿಸಿ, ಬೇಕಾದರೆ ರೆಕ್ಕೆ ಹಚ್ಚಿ. ಅಪಾರ್ಟ್‌ಮೆಂಟಿನ ಮಾಸಿಕ ಸಭೆ ಮುಗಿಸಿ ಬಂದ ರಾತ್ರಿ ಪಾರ್ಕಿಂಗ್ ಜಗಳಕ್ಕೆ ಯಾವ ಬಣ್ಣ ಎಂದು ಹುಡುಕಿ. ತವರುಮನೆ ಮಾರಿದ ಸುದ್ದಿ ಬಂದ ದಿನ ಆ ಮನೆಯ ಹಿತ್ತಲಿನ ನಕ್ಷೆ ಬರೆಯಿರಿ. ಬಾವಿ ಎಲ್ಲಿತ್ತು, ಕರಿಬೇವು ಎಲ್ಲಿತ್ತು, ಬಟ್ಟೆ ಒಗೆಯುವ ಕಲ್ಲು ಎಲ್ಲಿತ್ತು. ಅದಕ್ಕೆ ಕಲೆ ಬೇಕಿಲ್ಲ, ನೆನಪು ಸಾಕು. ಏನೂ ತೋಚದಿದ್ದರೆ, ಹಾಳೆಯನ್ನು ನೋಡದೆ ಬರೀ ವಸ್ತುವನ್ನೇ ನೋಡುತ್ತ ಪೆನ್ನು ಎತ್ತದೆ ಗೆರೆ ಎಳೆಯುವ ಅಭ್ಯಾಸವೊಂದಿದೆ, ಕಲಾಶಾಲೆಗಳಲ್ಲೂ ಮಾಡಿಸುತ್ತಾರೆ. ಎಂಥ ಕಲಾವಿದ ಎಳೆದರೂ ಮೂಗು ಕಿವಿಯ ಹತ್ತಿರ ಹೋಗಿರುತ್ತದೆ, ಹಾಗಾಗಿ ನಾಚಿಕೆಗೆ ಜಾಗವೇ ಇಲ್ಲ. ಊಟವಾದ ಮೇಲೆ ಸೋಫಾದಲ್ಲಿ ಗೊರಕೆ ಹೊಡೆಯುವ ಯಜಮಾನರು ಇದಕ್ಕೆ ಅತ್ಯುತ್ತಮ ಮಾಡೆಲ್. ಅಲ್ಲಾಡುವುದಿಲ್ಲ, ದುಡ್ಡೂ ಕೇಳುವುದಿಲ್ಲ.

ಕಷ್ಟ ಬರುವುದು ಅವರು ಎದ್ದ ಮೇಲೆ. ನಮ್ಮ ಮನೆಗಳಲ್ಲಿ ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡೇ ಗುಟ್ಟಾಗಿ ಉಳಿಯುವುದಿಲ್ಲ, ಇನ್ನು ಮೇಜಿನ ಮೇಲಿನ ಪುಸ್ತಕ ಉಳಿದೀತೆ? "ಈ ಹಸಿರು ಮುಖ, ಬಾಯಲ್ಲಿ ಹಾವು, ಇದು ನಮ್ಮಮ್ಮನಾ?" ಎಂಬ ಪ್ರಶ್ನೆಗೆ ಸಾಂಕೇತಿಕತೆಯ ಪಾಠ ಮಾಡಲು ಹೊರಟರೆ ರಾತ್ರಿ ಊಟಕ್ಕೆ ಮೊಸರನ್ನವೇ ಗತಿ. ದೊಡ್ಡವರೂ ಇದಕ್ಕೆ ಉಪಾಯ ಮಾಡಿಕೊಂಡಿದ್ದರು. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕಗಳನ್ನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಹಿಡಿದರೆ ಮಾತ್ರ ನೇರ ಕಾಣುವಂತೆ ಬರೆದ. ಗುಟ್ಟಿಗಲ್ಲ, ಎಡಗೈಯವನಾದ್ದರಿಂದ ಶಾಯಿ ಅಳಿಸದಿರಲೆಂದು ಎನ್ನುವವರೂ ಇದ್ದಾರೆ. ಅಂಥ ಒಂದು ಪುಸ್ತಕವನ್ನು 1994ರಲ್ಲಿ ಬಿಲ್ ಗೇಟ್ಸ್ ಮೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡ. ಮೊಲದ ಮರಿ ಪೀಟರನ ಕತೆ ಬರೆದ ಬಿಯಾಟ್ರಿಕ್ಸ್ ಪಾಟರ್ ಹದಿಹರೆಯದಲ್ಲೇ ತಾನೇ ಹೊಸೆದ ಗುಪ್ತಲಿಪಿಯಲ್ಲಿ ದಿನಚರಿ ಬರೆದಳು. ಅವಳು ಸತ್ತು ಹದಿನೈದು ವರ್ಷವಾದ ಮೇಲೆ, 1958ರಲ್ಲಿ, ಒಬ್ಬ ಅಭಿಮಾನಿ ಅದನ್ನು ಬಿಡಿಸಿದ. ಯೂಂಗ್ ಚಿತ್ರ, ಬರಹ ತುಂಬಿಟ್ಟ 'ಕೆಂಪು ಪುಸ್ತಕ'ವನ್ನು ಮನೆಯವರು ಬ್ಯಾಂಕಿನ ಲಾಕರಿನಲ್ಲಿಟ್ಟಿದ್ದರು, ಅಚ್ಚಾದದ್ದು 2009ರಲ್ಲಿ. ಸೋದರತ್ತೆಯ ಡೈರಿ ಇವೆಲ್ಲಕ್ಕಿಂತ ಭದ್ರ. ಅದು ದೇವರ ಮನೆಯಲ್ಲಿದೆ, ಸ್ನಾನ ಮಾಡದೆ ಯಾರೂ ಮುಟ್ಟುವ ಹಾಗಿಲ್ಲ.

ಇಷ್ಟು ಕಷ್ಟಪಟ್ಟು ಬೇರೆಯವರ ಕಣ್ಣು ತಪ್ಪಿಸಿದ ಮೇಲೆ, ಈ ಕಾಲದವರು ಮಾಡುವುದೇನು ಗೊತ್ತೆ? ಪುಟ ಒಣಗುವ ಮೊದಲೇ ಫೋಟೋ ತೆಗೆಯುತ್ತಾರೆ. ಪಕ್ಕದಲ್ಲಿ ಕಾಫಿ ಲೋಟ, ಒಂದು ಒಣಗಿದ ಹೂವು, ಕಿಟಕಿಯ ಬೆಳಕು ಹೊಂದಿಸಿ ಇನ್‌ಸ್ಟಾಗ್ರಾಮಿಗೆ ಹಾಕಿ ಹೃದಯಗಳನ್ನು ಎಣಿಸುತ್ತಾರೆ. ಹನ್ನೆರಡು ಬಂದರೆ ಮನಸ್ಸು ಮುದುಡುತ್ತದೆ, ಮಾರನೇ ದಿನ ಹೆಚ್ಚು ಹೃದಯ ಬರುವ ಚಿತ್ರ ಬಿಡಿಸುತ್ತಾರೆ. ಅಂದರೆ ನವಿಲು. ಬಯಾಲಜಿ ಲೆಕ್ಚರರು ಒಬ್ಬರಿದ್ದ ಕಡೆ ಈಗ ನಾನೂರು ಜನ ಸಹಿ ಹಾಕಲು ಸಾಲುಗಟ್ಟಿ ನಿಂತಿದ್ದಾರೆ, ಅವರನ್ನು ಕರೆದವರು ನಾವೇ. ಇದನ್ನು ಆತ್ಮಾಭಿವ್ಯಕ್ತಿ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗಿ ಬನ್ನಿ. 2003ರಿಂದ ನಡೆಯುತ್ತಿದೆ, ಕುಮಾರಕೃಪಾ ರಸ್ತೆ ತುಂಬ ಚಿತ್ರಗಳು. ನೋಡಲೆಂದೇ, ಮಾರಲೆಂದೇ ಬಿಡಿಸಿದವು, ಅದು ಗೌರವದ ಕಸುಬು. ನಿಮ್ಮ ಡೈರಿ ಆ ಸಂತೆಯ ಸರಕಲ್ಲ.

ಹಾಗಾಗಿ, ಓದುಗರೇ, ಹೋದ ವರ್ಷದ ಡೈರಿ ಹುಡುಕಿ. ಜನವರಿ ಒಂದನೇ ತಾರೀಕಿನ ಪುಟವನ್ನು ಬೇಕೆಂದೇ ಕೆಡಿಸಿ, ಡಿಕಾಕ್ಷನ್ ಚೆಲ್ಲಿ, ಅಡ್ಡಾದಿಡ್ಡಿ ಗೀಚಿ. ಆಮೇಲೆ ಎರಡನೇ ತಾರೀಕಿನಿಂದ ನಿಮ್ಮಿಷ್ಟ. ಚೆನ್ನಾಗಿ ಬಂದರೂ ಸರಿ, ಬಾರದಿದ್ದರೂ ಸರಿ. ಒಂದೇ ಕೋರಿಕೆ: ಅದನ್ನು ಫೋಟೋ ಹೊಡೆದು "ಹೇಗಿದೆ ಹೇಳಿ ಮೇಡಂ" ಎಂದು ನನಗೆ ಮಾತ್ರ ವಾಟ್ಸಾಪ್ ಮಾಡಬೇಡಿ. ನನಗೆ ಸುಳ್ಳು ಹೇಳಲು ಬರುವುದಿಲ್ಲ.